ಬ್ರೇಕ್ ಪೈಪ್ ಬದಲಿಸುವುದು: ಪೈಪಿನ ಬಾಯಿಯಲ್ಲೇ ಇದೆ ಕೆಲಸ

ಐಟಿಐಯಲ್ಲಿ ಎಂಎಂವಿ (ಮೆಕ್ಯಾನಿಕ್ ಮೋಟಾರ್ ವೆಹಿಕಲ್) ಟ್ರೇಡ್‌ ಕಲಿಯುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ನಾನು ಈ ಕೆಲಸ ಕಲಿತದ್ದು ಕರಾವಳಿಯ ಒಂದು ಹಳೇ ಓಮ್ನಿಯ ಅಡಿಯಲ್ಲಿ ಮಲಗಿ. ಹಿಂದಿನ ಆಕ್ಸಲ್ ಮೇಲೆ ಹೋಗುವ ಪೈಪ್ ಹೊರಗಿಂದ ಚೆನ್ನಾಗೇ ಕಾಣುತ್ತಿತ್ತು. ಕ್ಲಿಪ್ ಬಿಚ್ಚಿದೆ, ಕೆಳಗೆ ತುಕ್ಕು ಪದರ ಪದರವಾಗಿ ಉದುರಿತು. ಕ್ಲಿಪ್ ಸಂದಿಯಲ್ಲಿ ಕೆಸರು ಕೂರುತ್ತದೆ, ಉಪ್ಪುಗಾಳಿಯ ತೇವ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಮೊದಲು ನೋಡಬೇಕಾದ್ದು ಕ್ಲಿಪ್ ಅಡಿ.

ಟೈರಿನಲ್ಲಿ ಇರುವುದು ಸುಮಾರು 2 ಬಾರ್ ಒತ್ತಡ. ಜೋರಾಗಿ ಬ್ರೇಕ್ ತುಳಿದರೆ ಈ ಸಣ್ಣ ಪೈಪಿನಲ್ಲಿ 100 ಬಾರ್ ಆಸುಪಾಸು ಹೋಗಬಹುದು. ಕೊಳೆತ ಜಾಗ ಕತ್ತರಿಸಿ ನಡುವೆ ರಬ್ಬರ್ ಟ್ಯೂಬ್ ಸಿಕ್ಕಿಸಿ ಕ್ಲಾಂಪ್ ಹಾಕುವ ಜುಗಾಡ್ ಯಾಕೆ ಬೇಡ ಅಂತ ಇದರಲ್ಲೇ ಗೊತ್ತಾಗುತ್ತದೆ ಅಲ್ವಾ?

ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಅಡಿಗೆ ಹೋಗಬೇಡಿ. ನಟ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಸಾದಾ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಬೇಕು.

ಹೊಸ ಪೈಪ್ ಸಾಮಾನ್ಯವಾಗಿ 4.75 ಎಂಎಂ ಹೊರವ್ಯಾಸದ್ದು. ಬಗ್ಗಿಸುವಾಗ ಹಳೇದನ್ನೇ ಪಕ್ಕದಲ್ಲಿಟ್ಟು ಅಳತೆ ಹಿಡಿಯಿರಿ. ಟ್ಯೂಬ್ ಕಟರ್‌ನಲ್ಲಿ ನಿಧಾನವಾಗಿ ಸುತ್ತಿ ಕತ್ತರಿಸಿ, ಒಳಗಿನ ಚೂರು ಕೆರೆದು ತೆಗೆಯಿರಿ. ಈಗ ನಟ್ ಪೈಪಿಗೆ ಪೋಣಿಸಿ. ಇದನ್ನು ಮರೆತು ಫ್ಲೇರ್ ಮಾಡಿದರೆ, ಅಂದರೆ ಪೈಪಿನ ಬಾಯಿ ಅಗಲಿಸಿದರೆ, ಕತ್ತರಿಸಿ ಮತ್ತೆ ಶುರು. ನಾನು ಎರಡು ಸಲ ಮರೆತಿದ್ದೇನೆ.

ಓಮ್ನಿಯದು ಡಬಲ್ ಫ್ಲೇರ್. ಪೈಪನ್ನು ಫ್ಲೇರಿಂಗ್ ಟೂಲಿನ ಹಿಡಿಯುವ ಪಟ್ಟಿಯಲ್ಲಿ (ಬಾರ್) ಕಚ್ಚಿಸಿ, ಅಡಾಪ್ಟರ್‌ನ ಮೆಟ್ಟಿಲಿನಷ್ಟೇ ಎತ್ತರಕ್ಕೆ ಹೊರಗೆ ಬಿಡಿ. ಅಡಾಪ್ಟರ್ ಇಟ್ಟು ಒತ್ತಿದಾಗ ಬಾಯಿ ಉಬ್ಬುತ್ತದೆ. ಅದನ್ನು ತೆಗೆದು ಬರೀ ಕೋನ್‌ನಿಂದ ಒತ್ತಿದರೆ ಆ ಉಬ್ಬು ಒಳಕ್ಕೆ ಮಡಚಿಕೊಳ್ಳುತ್ತದೆ, ಸೀರೆಯ ಅಂಚು ಮಡಚಿ ಹೊಲಿದ ಹಾಗೆ ಎರಡು ಪದರ. ಒಂದೇ ಪದರದ ಬಾಯಿ ಬಿಗಿ ಮಾಡುವಾಗ ಸೀಳಬಹುದು. ಹಲವು ಯುರೋಪಿನ ಗಾಡಿಗಳಲ್ಲಿ ಬಾಯಿ ಒಳಕ್ಕೆ ಮಡಚದೆ ಉಬ್ಬಿದಂತೆಯೇ ಬಿಡುವ ಬಬಲ್ ಫ್ಲೇರ್ ಇರುತ್ತದೆ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ.

ನಟ್ಟನ್ನು ಮೊದಲು ಬೆರಳಲ್ಲೇ ಹತ್ತಿಸಿ, ಆಮೇಲೆ ಸ್ಪ್ಯಾನರ್. ಗಾಡಿಯ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಅಂತಿದ್ದರೆ ಅದನ್ನೇ, ಅಂಗಡಿಯ ಹೊಸ ಡಬ್ಬಿ ಒಡೆದು ಹಾಕಿ. ತೆರೆದಿಟ್ಟ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ: ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಪೈಪಿನೊಳಗೆ ಸೇರಿದ ಗಾಳಿ ತೆಗೆಯುವುದು ನಿಮಗೆ ಗೊತ್ತೇ ಇದೆ. ಆಗ ಗಾಡಿಯ ಆಯಿಲ್ ಡಬ್ಬಿ ಖಾಲಿಯಾಗಲು ಬಿಡಬೇಡಿ, ಅಷ್ಟೇ.

ಪೆಡಲ್ ಗಟ್ಟಿಯಾದ ಮೇಲೆ ಒಬ್ಬರು ಜೋರಾಗಿ ತುಳಿದು ಹಿಡಿಯಲಿ, ಇನ್ನೊಬ್ಬರು ಒಣ ಬಟ್ಟೆಯಿಂದ ಒಂದೊಂದೇ ನಟ್ ಒರೆಸಿ ನೋಡಲಿ. ಒದ್ದೆಯಾದರೆ ಸುಮ್ನೆ ಇನ್ನಷ್ಟು ಬಿಗಿ ಮಾಡಬೇಡಿ, ಬಿಚ್ಚಿ ನೋಡಿ. ನನ್ನ ಬಟ್ಟೆ ಒದ್ದೆಯಾಗಿತ್ತು. ಬಿಚ್ಚಿದರೆ ಫ್ಲೇರ್ ಒಂದು ಕಡೆ ವಾಲಿತ್ತು.