ಕರಡಿ ಬಂದರೆ ಸತ್ತಂತೆ ಮಲಗಬೇಕೇ?

ಪ್ರಶ್ನೆ: ಆರು ಮತ್ತು ಒಂಬತ್ತು ವರ್ಷದ ಮಕ್ಕಳನ್ನು ಬಳ್ಳಾರಿಯಿಂದ ದರೋಜಿ ಕರಡಿಧಾಮಕ್ಕೆ ಕರೆದೊಯ್ಯಬೇಕೆಂದಿದ್ದೇವೆ. ಯಾವ ಹೊತ್ತು ಒಳ್ಳೆಯದು? ಕರಡಿ ಎದುರಾದರೆ ಉಸಿರು ಬಿಗಿಹಿಡಿದು ಮಲಗಬೇಕೆಂದು ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ. ಅಷ್ಟು ಸಾಕೇ?

ಹೊತ್ತಿನ ಮಾತನ್ನು ಮೊದಲು ಮುಗಿಸುತ್ತೇನೆ. ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಊಟ ಮುಗಿಸಿಕೊಂಡು ಮಧ್ಯಾಹ್ನ ಎರಡರ ಮೇಲೆ ಹೋಗಿ. ಸುಮಾರು 50 ಕಿ.ಮೀ. ದಾರಿ. ಅರಣ್ಯ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿದಿರುತ್ತಾರೆ; ಬಿಸಿಲು ಇಳಿಯುತ್ತಿದ್ದಂತೆ ಕರಡಿಗಳು ಬಂದು ನೆಕ್ಕುತ್ತವೆ. ನೀವು ದೂರದ ವೀಕ್ಷಣಾ ಗೋಪುರದಲ್ಲಿರುತ್ತೀರಿ, ಭಯವಿಲ್ಲ. ಮೇ ತಿಂಗಳ ಕಾದ ಬಂಡೆಗಿಂತ ದಸರಾ ರಜೆ ಮಕ್ಕಳಿಗೆ ಹಿತ. ಕಮಲಾಪುರದ ಬಳಿಯ ಅಟಲ್ ಬಿಹಾರಿ ವಾಜಪೇಯಿ ಜೈವಿಕ ಉದ್ಯಾನವೇ ಕರಡಿಧಾಮ ಎಂದುಕೊಳ್ಳಬೇಡಿ. ಅದು ಮೃಗಾಲಯ. ಇದು 1994ರಲ್ಲಿ ಕರಡಿಗಾಗಿಯೇ ಘೋಷಿಸಿದ ಕಾಡು; ಬರುವುದೂ ಬಿಡುವುದೂ ಕರಡಿಯ ಇಷ್ಟ.

ಇನ್ನು ಸತ್ತಂತೆ ಮಲಗುವ ವಿಷಯ. ಒಬ್ಬ ಗೆಳೆಯ ಮರ ಹತ್ತಿದ, ಇನ್ನೊಬ್ಬ ಉಸಿರು ಹಿಡಿದು ಮಲಗಿದ, ಕರಡಿ ಮೂಸಿ ನೋಡಿ ಹೋಯಿತು. ಒಂದನೆಯ ತರಗತಿಯಲ್ಲಿ ಕೇಳಿದ ಈ ಕತೆಯನ್ನು ಅಜ್ಜಂದಿರಾದ ಮೇಲೂ ನಾವು ಬಿಟ್ಟಿಲ್ಲ. ಸ್ನೇಹದ ಬಗ್ಗೆ ಅದು ಏನು ಹೇಳುತ್ತದೋ ಹೇಳಲಿ, ನಮ್ಮ ಗುಡ್ಡದ ಕರಡಿಯ ಬಗ್ಗೆ ಹೇಳುವುದೆಲ್ಲ ತಪ್ಪು. ಮರ ಹತ್ತಿದವನೂ ಉಳಿದಂತಲ್ಲ. ಜೇನುಗೂಡು ಇಳಿಸಲು ಮರ ಏರುವ ಪ್ರಾಣಿ ಅದು. ಅದರ ಕಣ್ಣು, ಕಿವಿ ಅಷ್ಟು ಚುರುಕಲ್ಲ. ಮೂಗು ಮಾತ್ರ ಬಲು ಚುರುಕು. ಮಣ್ಣಿನಡಿಯ ಗೆದ್ದಲನ್ನು ವಾಸನೆಯಿಂದಲೇ ಪತ್ತೆ ಹಚ್ಚುವ ಪ್ರಾಣಿಗೆ ಬದುಕಿರುವ ಮನುಷ್ಯನ ವಾಸನೆ ತಿಳಿಯದೇ?

ಅಷ್ಟಕ್ಕೂ ಅದು ನಮ್ಮನ್ನು ತಿನ್ನಲು ಬರುವುದಿಲ್ಲ. ಅದರ ಆಹಾರ ಗೆದ್ದಲು, ಇರುವೆ, ಜೇನು, ಬಾರೆ, ಕವಳೆ, ನೇರಳೆ. ಮೇಲ್ದವಡೆಯ ಮುಂದಿನ ಎರಡು ಹಲ್ಲುಗಳೇ ಅದಕ್ಕಿಲ್ಲ. ಹುತ್ತವನ್ನು ಉಗುರಿನಿಂದ ಬಗೆದು, ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿಯನ್ನು ಕೊಳವೆಯಂತೆ ಚಾಚಿ, ಆ ಸಂದಿಯಿಂದ ಗೆದ್ದಲನ್ನು ಸೊರ್ರೆಂದು ಹೀರುತ್ತದೆ. ಆ ಸದ್ದು ನೂರು ಮೀಟರ್ ಆಚೆಗೂ ಕೇಳಿಸುತ್ತದೆ. ಹಾಗೆ ಮೈಮರೆತು ಹೀರುತ್ತಿರುವಾಗ ನಾವು ಸದ್ದಿಲ್ಲದೆ ಹತ್ತಿರ ಹೋದರೆ ಬೆಚ್ಚಿಬಿದ್ದು ಮೇಲೆರಗುತ್ತದೆ. ಬೆನ್ನ ಮೇಲೆ ಮರಿಗಳಿದ್ದರಂತೂ ಕೇಳುವುದೇ ಬೇಡ. ಏಟು ಬೀಳುವುದು ಹೆಚ್ಚಾಗಿ ಮುಖಕ್ಕೆ, ತಲೆಗೆ. ಅಂಗಾತ ಮಲಗಿ ಉಸಿರು ಹಿಡಿದವನು ತನ್ನ ಮುಖವನ್ನೇ ಅದಕ್ಕೆ ಒಪ್ಪಿಸಿದಂತೆ! ಗುಡ್ಡದ ಅಂಚಿನ ಹೊಲಗಳಿಗೆ ಹೋಗುವವರು ಮಾತಾಡುತ್ತ, ಕೋಲು ಬಡಿಯುತ್ತ ಹೋಗಲಿ. ಕರಡಿ ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಎರಡೂ ಕೈ ಹೆಣೆದು ಕತ್ತಿನ ಹಿಂಭಾಗ ಮುಚ್ಚಿಕೊಳ್ಳಬೇಕು. ಇದು ಕರಡಿಯನ್ನು ಮೋಸಗೊಳಿಸಲು ಅಲ್ಲ, ಮುಖ ಮತ್ತು ಕತ್ತು ಉಳಿಸಿಕೊಳ್ಳಲು. ಮಕ್ಕಳಿಗೆ ಹೇಳಿಕೊಡುವುದಾದರೆ ಇದನ್ನು ಹೇಳಿಕೊಡಿ.

ನೀವು ಕೇಳದಿದ್ದರೂ ಇನ್ನೊಂದು ಮಾತು. ಮಕ್ಕಳ ಭಯ ಹೋಗಲೆಂದು ಕರಡಿ ಕೂದಲಿನ ತಾಯಿತ ಕಟ್ಟುವ ರೂಢಿ ನಮ್ಮ ಕಡೆ ಇತ್ತು. ಕರಡಿ ಆಡಿಸುವವರು ಬಂದರೆ ಮಗುವನ್ನು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು. ಆ ಕರಡಿಯನ್ನು ಮರಿಯಿದ್ದಾಗಲೇ ತಾಯಿಯಿಂದ ಕಿತ್ತು ತಂದು, ಕಾದ ಸೂಜಿಯಿಂದ ಮೂತಿ ಚುಚ್ಚಿ ಹಗ್ಗ ಪೋಣಿಸಿರುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕರಡಿಯನ್ನು ಹಿಡಿಯುವುದೂ ಅದರ ಕೂದಲು, ಉಗುರು ಮಾರುವುದೂ ಅಪರಾಧ. ಯಾರಾದರೂ ತಾಯಿತ ತೋರಿಸಿದರೆ ಕೊಳ್ಳಬೇಡಿ. ಬೈನಾಕ್ಯುಲರ್ ಇದ್ದರೆ ಮರೆಯದೆ ಒಯ್ಯಿರಿ. ತಾಯಿಕರಡಿ ಬಂಡೆ ನೆಕ್ಕುವಾಗ ಅದರ ಬೆನ್ನಿನ ಕೂದಲನ್ನು ಮರಿ ಹೇಗೆ ಹಿಡಿದುಕೊಂಡಿರುತ್ತದೆ ಎಂಬುದನ್ನು ನಿಮ್ಮ ಆರು ವರ್ಷದ ಮಗುವೇ ಮೊದಲು ನೋಡಲಿ.