ಹೈಕೋರ್ಟಿಗೆ ಹೆಸರು ಹೋದವರ ಮೇಲೆ ಆರೋಪ ಬಂದರೆ ವಿಚಾರಿಸುವವರು ಯಾರು?

ಓದುಗರ ಪ್ರಶ್ನೆ: "ಹೈಕೋರ್ಟ್ ನ್ಯಾಯಮೂರ್ತಿ ಸ್ಥಾನಕ್ಕೆ ಇಂಥವರ ಹೆಸರು ಹೋಗಿದೆ ಅಂತ ಸುದ್ದಿ ಬರುತ್ತೆ. ಹಿಂದೆಯೇ ಅವರ ಮೇಲೆ ದುರ್ನಡತೆಯ ಆರೋಪವೂ ಬರುತ್ತೆ. ಅರ್ಧ ಜನ 'ಇವರನ್ನು ನೇಮಿಸಲೇಬಾರದು' ಅಂತಾರೆ, ಇನ್ನರ್ಧ 'ತಪ್ಪಿಸೋಕೆ ಯಾರೋ ಬರೆಸಿದ್ದು' ಅಂತಾರೆ. ಆ ಆರೋಪವನ್ನು ನಿಜವಾಗಿ ವಿಚಾರಿಸುವವರು ಯಾರು? ನಮ್ಮಂಥವರು ಆಕ್ಷೇಪಣೆ ಹಾಕಬಹುದಾ?"

ಈ ಸಲ ಪ್ರಶ್ನೆ ಬಂದಿರುವುದು ಮಂಡ್ಯದಿಂದ. ಮೈಸೂರಿನ ಓದುಗರೂ ಇದನ್ನೇ ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾ ಬಂದಿದ್ದಾರೆ, ವಕೀಲರಲ್ಲದವರೇ ಹೆಚ್ಚು. ಚುಟುಕಾಗಿ ಹೇಳುವುದಾದರೆ, ಬರೆದುಕೊಡಬಹುದು. ಆದರೆ ಬರೆದುಕೊಡಿ ಎಂದು ನಿಮ್ಮನ್ನು ಯಾರೂ ಕೇಳುವುದಿಲ್ಲ. ಒಂದು ಎಕರೆ ಜಮೀನಿನ ಪಹಣಿಯಲ್ಲಿ ಹೆಸರು ಬದಲಾಯಿಸುವಾಗಲೂ ನೋಟಿಸ್ ಹಚ್ಚಿ ತಕರಾರಿದ್ದವರು ಬನ್ನಿ ಎನ್ನುತ್ತಾರೆ. ಹೈಕೋರ್ಟ್ ನೇಮಕದಲ್ಲಿ ಅಂಥ ಹಂತವೇ ಇಲ್ಲ.

ಕಡತ ಸಾಗುವ ದಾರಿ ಹೀಗಿದೆ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಇಬ್ಬರು ಹಿರಿಯ ಸಹೋದ್ಯೋಗಿಗಳೊಡನೆ ಚರ್ಚಿಸಿ ಹೆಸರು ಸೂಚಿಸುತ್ತಾರೆ. ಅದು ಮುಖ್ಯಮಂತ್ರಿಗೂ ರಾಜ್ಯಪಾಲರಿಗೂ ಹೋಗಿ, ಕೇಂದ್ರ ಕಾನೂನು ಸಚಿವಾಲಯ ತಲುಪುತ್ತದೆ. ಅಲ್ಲಿ ಗುಪ್ತಚರ ದಳದ ವರದಿ ಸೇರಿಕೊಳ್ಳುತ್ತದೆ. ನಂತರ ಭಾರತದ ಮುಖ್ಯ ನ್ಯಾಯಮೂರ್ತಿ ಮತ್ತು ಸುಪ್ರೀಂ ಕೋರ್ಟಿನ ಇಬ್ಬರು ಹಿರಿಯ ನ್ಯಾಯಮೂರ್ತಿಗಳು, ಅಂದರೆ ಕೊಲಿಜಿಯಂ, ತೀರ್ಮಾನಿಸುತ್ತದೆ. ಸರ್ಕಾರ ಒಮ್ಮೆ ವಾಪಸ್ ಕಳಿಸಬಹುದು. ಕೊಲಿಜಿಯಂ ಅದೇ ಹೆಸರನ್ನು ಮತ್ತೆ ಹೇಳಿದರೆ ನೇಮಿಸಲೇಬೇಕು ಎಂಬುದು 1993 ಮತ್ತು 1998ರ ತೀರ್ಪುಗಳಿಂದ ನಿಂತ ಕ್ರಮ. ಇದರ ಬದಲಿಗೆ ಬಂದ ರಾಷ್ಟ್ರೀಯ ನ್ಯಾಯಾಂಗ ನೇಮಕ ಆಯೋಗವನ್ನು 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು.

ಈ ದಾರಿಯಲ್ಲಿ ಆರೋಪವನ್ನು ತೂಗುವವರು ಇಬ್ಬರೇ, ಗುಪ್ತಚರ ದಳ ಮತ್ತು ನ್ಯಾಯಮೂರ್ತಿಗಳು. ದೂರು ಕೊಟ್ಟವರನ್ನು ಕೂರಿಸಿ ಕೇಳಲೇಬೇಕೆಂಬ ನಿಯಮವಿಲ್ಲ. ಆರೋಪ ಹೊತ್ತವರಿಗೆ ಅದರ ಪ್ರತಿ ಕೊಡಬೇಕೆಂಬ ನಿಯಮವೂ ಇಲ್ಲ. ಊರಲ್ಲಿ ಎರಡು ಗುಂಪಾಗುವುದು ಇದರಿಂದಲೇ ಎಂಬುದು ನನ್ನ ಖಚಿತ ಅಭಿಪ್ರಾಯ. ಜನಕ್ಕೆ ಚಾಡಿ ಇಷ್ಟವೆಂದಲ್ಲ. ವಿಚಾರಣೆ ಏನಾಯಿತೆಂದು ಹೇಳುವವರು ಇಲ್ಲದಾಗ ಪ್ರತಿಯೊಬ್ಬರೂ ತಮಗೆ ಪರಿಚಯವಿದ್ದವರ ಮಾತನ್ನು ನಂಬಿಕೊಳ್ಳುತ್ತಾರೆ.

ನಮ್ಮ ಕರ್ನಾಟಕ ಹೈಕೋರ್ಟಿನದೇ ಒಂದು ಪ್ರಕರಣ ಇದಕ್ಕೆ ಕನ್ನಡಿ. 2016ರಲ್ಲಿ ಬೆಳಗಾವಿಯ ಜಿಲ್ಲಾ ನ್ಯಾಯಾಧೀಶರೊಬ್ಬರ ಹೆಸರು ಇತರರ ಜೊತೆ ಹೈಕೋರ್ಟಿಗೆ ಶಿಫಾರಸಾಯಿತು. ಅವರ ಕೈಕೆಳಗಿನ ಮಹಿಳಾ ನ್ಯಾಯಾಂಗ ಅಧಿಕಾರಿಯೊಬ್ಬರು ಕಿರುಕುಳದ ದೂರು ಕೊಟ್ಟಿದ್ದರು. ಸರ್ಕಾರ ಉಳಿದವರ ಹೆಸರಿಗೆ ಒಪ್ಪಿ ಇವರದನ್ನು ತಡೆಹಿಡಿಯಿತು. ಅಂದಿನ ಭಾರತದ ಮುಖ್ಯ ನ್ಯಾಯಮೂರ್ತಿ ಟಿ.ಎಸ್. ಠಾಕೂರ್ ಅವರ ಸೂಚನೆಯಂತೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಸ್.ಕೆ. ಮುಖರ್ಜಿ ವಿಚಾರಿಸಿ, ಆರೋಪಕ್ಕೆ ಆಧಾರವಿಲ್ಲವೆಂದು ವರದಿ ಕೊಟ್ಟರು. 2017ರ ಏಪ್ರಿಲ್‌ನಲ್ಲಿ ಕೊಲಿಜಿಯಂ ಅದೇ ಹೆಸರನ್ನು ಮತ್ತೆ ಹೇಳಿತು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಸರ್ಕಾರ ಕಡತವನ್ನು ಹಾಗೇ ಇಟ್ಟುಕೊಂಡಿತು. ಆಮೇಲೆ ಕಾನೂನು ಸಚಿವಾಲಯ ಕೊಲಿಜಿಯಂ ಅನ್ನು ಬದಿಗಿಟ್ಟು, ಹೈಕೋರ್ಟಿನ ಮುಂದಿನ ಮುಖ್ಯ ನ್ಯಾಯಮೂರ್ತಿಗೆ ನೇರವಾಗಿ ಬರೆಯಿತು. ಮರುವಿಚಾರಣೆ ಶುರುವಾಯಿತು. ಇದನ್ನು ಖಂಡಿಸಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಜೆ. ಚೆಲಮೇಶ್ವರ್ 2018ರ ಮಾರ್ಚ್‌ನಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಪತ್ರ ಬಹಿರಂಗವಾಗಿ ದೇಶವೆಲ್ಲ ಚರ್ಚೆಯಾಯಿತು. ಹೈಕೋರ್ಟ್ ಸರ್ಕಾರದ ಇಲಾಖೆಯಲ್ಲ, ಸಚಿವಾಲಯ ಕೇಳಿದ್ದಕ್ಕೆಲ್ಲ ಅದು ನೇರವಾಗಿ ಉತ್ತರಿಸತಕ್ಕದ್ದಲ್ಲ ಎಂಬುದು ಅವರ ವಾದದ ತಿರುಳು. ಕೊನೆಗೆ ಕೊಲಿಜಿಯಂ ಮತ್ತೆ ಶಿಫಾರಸು ಮಾಡಿ, 2020ರಲ್ಲಿ ಆ ಜಿಲ್ಲಾ ನ್ಯಾಯಾಧೀಶರು ಹೈಕೋರ್ಟ್ ನ್ಯಾಯಮೂರ್ತಿಯಾದರು. ವಿಚಾರಣೆಯಲ್ಲಿ ಆರೋಪಮುಕ್ತರಾದವರ ಹೆಸರನ್ನು ಆರೋಪದ ಜೊತೆ ಮತ್ತೆ ಅಂಟಿಸುವುದು ಸರಿಯಲ್ಲವಾದ್ದರಿಂದ ಅವರ ಹೆಸರನ್ನು ಇಲ್ಲಿ ಬರೆದಿಲ್ಲ.

ಈ ನಾಲ್ಕು ವರ್ಷಗಳಲ್ಲಿ ನಷ್ಟವಾದದ್ದು ಯಾರಿಗೆ ಎಂದು ಯೋಚಿಸಿ. ಆರೋಪಕ್ಕೆ ಆಧಾರವಿಲ್ಲವೆಂದಾದ ಮೇಲೂ ಒಬ್ಬರ ಹೆಸರು ಅಷ್ಟು ಕಾಲ ಬಾಯಿಂದ ಬಾಯಿಗೆ ಓಡಾಡಿತು. ನ್ಯಾಯಮೂರ್ತಿಗೆ ನಿವೃತ್ತಿ ವಯಸ್ಸು 62, ಹೋದ ವರ್ಷಗಳನ್ನು ಯಾರೂ ವಾಪಸ್ ಕೊಡುವುದಿಲ್ಲ. ಇತ್ತ ದೂರು ಕೊಟ್ಟ ಅಧಿಕಾರಿಯ ಮಾತನ್ನು ಹೇಗೆ ಪರಿಶೀಲಿಸಿದರು, ಯಾರನ್ನು ಕೇಳಿದರು ಎಂಬುದೂ ಹೊರಗೆ ತಿಳಿಯಲಿಲ್ಲ. ನಾಳೆ ಇನ್ನೊಂದು ತಾಲ್ಲೂಕಿನ ಕೋರ್ಟಿನಲ್ಲಿ ನಿಜವಾಗಿಯೇ ಕಿರುಕುಳ ಅನುಭವಿಸುವ ಕಿರಿಯ ಅಧಿಕಾರಿ ಇದನ್ನು ನೋಡಿ ಬಾಯಿ ಮುಚ್ಚಿಕೊಂಡರೆ ಅವಳನ್ನು ದೂರಲಾಗದು. ಈ ಮಾತು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಮೈಸೂರಿನವರಿಗೆ ಇನ್ನೊಂದು ನೆನಪಿದೆ. 2002ರ ಕೊನೆಯಲ್ಲಿ ಮೈಸೂರಿನ ಹೊರವಲಯದ ರೆಸಾರ್ಟ್ ಒಂದನ್ನು ಹೆಸರಿಸಿ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಮೇಲೆ ಆರೋಪ ಪ್ರಕಟವಾಯಿತು. ಅವರು ಆಗಲೇ ಹುದ್ದೆಯಲ್ಲಿದ್ದವರು. ಆದರೂ ಪ್ರಶ್ನೆ ಇದೇ. ಭಾರತದ ಮುಖ್ಯ ನ್ಯಾಯಮೂರ್ತಿ ಬೇರೆ ಹೈಕೋರ್ಟುಗಳ ಮೂವರು ನ್ಯಾಯಮೂರ್ತಿಗಳ ಆಂತರಿಕ ಸಮಿತಿ ನೇಮಿಸಿದರು. ಆರೋಪಕ್ಕೆ ಆಧಾರ ಸಿಗಲಿಲ್ಲವೆಂದು ಸಮಿತಿ ಹೇಳಿತು. ವರದಿಯನ್ನು ಜನರ ಮುಂದಿಡಿ ಎಂದು ಹಿರಿಯ ವಕೀಲೆ ಇಂದಿರಾ ಜೈಸಿಂಗ್ ಸುಪ್ರೀಂ ಕೋರ್ಟಿಗೆ ಹೋದರು. 2003ರಲ್ಲಿ ಅರ್ಜಿ ವಜಾ ಆಯಿತು. ಆಂತರಿಕ ವಿಚಾರಣೆ ಇರುವುದು ಮುಖ್ಯ ನ್ಯಾಯಮೂರ್ತಿಯ ತಿಳಿವಳಿಕೆಗೆ, ಬಹಿರಂಗಪಡಿಸಲು ಅಲ್ಲ ಎಂದು ನ್ಯಾಯಾಲಯ ಹೇಳಿತು. ಆ ನ್ಯಾಯಮೂರ್ತಿಗಳು ನಿರಪರಾಧಿಗಳೆಂದು ತೋರಿಸುವ ಕಾಗದವೇ ಗುಟ್ಟಾಗಿ ಉಳಿಯಿತು. ಇಪ್ಪತ್ತು ವರ್ಷ ದಾಟಿದರೂ ಮೈಸೂರಿನಲ್ಲಿ ಆ ವಿಷಯ ಎತ್ತಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ವರದಿ ಹೊರಬಂದಿದ್ದರೆ ಇಷ್ಟು ಕಥೆಗಳು ಹುಟ್ಟುತ್ತಿರಲಿಲ್ಲ.

ಗೋಪ್ಯತೆಯೇ ನ್ಯಾಯಾಂಗದ ಪದ್ಧತಿ ಎಂದು ವಾದಿಸುವವರು 1981ರ ಎಸ್.ಪಿ. ಗುಪ್ತಾ ಪ್ರಕರಣವನ್ನು ಓದಬೇಕು. ದೆಹಲಿ ಹೈಕೋರ್ಟಿನ ಹೆಚ್ಚುವರಿ (ಸೀಮಿತ ಅವಧಿಗೆ ನೇಮಕಗೊಂಡ) ನ್ಯಾಯಮೂರ್ತಿ ಎಸ್.ಎನ್. ಕುಮಾರ್ ಅವರನ್ನು ಮುಂದುವರಿಸಬಾರದೆಂದು, ಪ್ರಾಮಾಣಿಕತೆಯ ಮೇಲೆ ಅನುಮಾನ ಸೂಚಿಸಿ, ಅಲ್ಲಿನ ಮುಖ್ಯ ನ್ಯಾಯಮೂರ್ತಿ ಪತ್ರ ಬರೆದಿದ್ದರು. ಆ ಪತ್ರವ್ಯವಹಾರ ತೋರಿಸಲಾಗದು ಎಂದು ಸರ್ಕಾರ ಹಟ ಹಿಡಿಯಿತು. ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತೋರಿಸಲೇಬೇಕೆಂದಿತು. ಆ ಪೀಠದಲ್ಲಿ ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿದ, ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯನವರೂ ಇದ್ದರು. ನೇಮಕದ ಅಧಿಕಾರ ಯಾರದ್ದೆಂಬ ಬಗ್ಗೆ ಆ ತೀರ್ಪು ಹೇಳಿದ್ದನ್ನು 1993ರಲ್ಲಿ ಬದಲಿಸಲಾಯಿತು, ನಿಜ. ಆದರೆ ಕಾಗದ ತೋರಿಸಿದ್ದರಿಂದ ನ್ಯಾಯಾಂಗವೇನೂ ಕುಸಿದು ಬೀಳಲಿಲ್ಲ. 2017ರ ಅಕ್ಟೋಬರ್‌ನಿಂದ ಕೊಲಿಜಿಯಂ ತನ್ನ ನಿರ್ಣಯಗಳನ್ನು ವೆಬ್‌ಸೈಟಿನಲ್ಲಿ ಹಾಕಲು ಶುರುಮಾಡಿದಾಗ ಕೆಲವು ಹೆಸರುಗಳ ಬಗ್ಗೆ 'ದೂರುಗಳನ್ನು ನೋಡಿದ್ದೇವೆ, ಹುರುಳಿಲ್ಲ' ಎಂಬಂಥ ಸಾಲುಗಳೂ ಇರುತ್ತಿದ್ದವು. ಒಂದೇ ಸಾಲಾದರೂ ಅದಕ್ಕೆ ಬೆಲೆಯಿದೆ. ಆಮೇಲೆ ಆ ಅಭ್ಯಾಸ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ ಎಂಬಂತಾಯಿತು.

ಹಾಗಾದರೆ ಅಮೆರಿಕದವರಂತೆ ಎಲ್ಲವನ್ನೂ ಟಿವಿಯಲ್ಲಿ ತೋರಿಸಬೇಕೇ ಎಂದು ಕೇಳುವವರಿದ್ದಾರೆ. ಬೇಡ ಎನ್ನುತ್ತೇನೆ. ಅಲ್ಲಿನ ಸುಪ್ರೀಂ ಕೋರ್ಟಿಗೆ ಹೆಸರು ಹೋದಾಗ 1991ರಲ್ಲಿ ಕ್ಲಾರೆನ್ಸ್ ಥಾಮಸ್ ಅವರ ಮೇಲೆ ಅನಿತಾ ಹಿಲ್, 2018ರಲ್ಲಿ ಬ್ರೆಟ್ ಕ್ಯಾವನಾ ಅವರ ಮೇಲೆ ಕ್ರಿಸ್ಟೀನ್ ಬ್ಲೇಸಿ ಫೋರ್ಡ್ ಲೈಂಗಿಕ ದುರ್ನಡತೆಯ ಆರೋಪ ಹೊರಿಸಿ ಸೆನೆಟ್ (ಸಂಸತ್ತಿನ ಮೇಲ್ಮನೆ) ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಇಬ್ಬರೂ ನಾಮನಿರ್ದೇಶಿತರು ಆರೋಪ ನಿರಾಕರಿಸಿದರು. ಕೊನೆಗೆ ಮತ ಬಿದ್ದದ್ದು 52-48 ಮತ್ತು 50-48, ಬಹುಪಾಲು ಪಕ್ಷದ ಗೆರೆಯಲ್ಲೇ. ಸತ್ಯ ಯಾವುದೆಂದು ಅಲ್ಲಿನ ಜನ ಇಂದಿಗೂ ಒಪ್ಪಿಕೊಂಡಿಲ್ಲ. ಸಾಕ್ಷ್ಯ ಹೇಳಿದ ಹೆಂಗಸರು ಪಟ್ಟ ಪಾಡು ಬೇರೆ. ನಮಗೆ ಬೇಕಿರುವುದು ಕ್ಯಾಮೆರಾ ಅಲ್ಲ, ಇಬ್ಬರ ಮಾತನ್ನೂ ಕೇಳಿಸಿಕೊಳ್ಳುವ, ಕಾಲಮಿತಿಯ ವಿಚಾರಣೆ. ಮುಗಿದ ಮೇಲೆ ದೂರುದಾರರ ಗುರುತು ಬಿಟ್ಟು ನಾಲ್ಕು ಸಾಲಿನ ಕಾರಣ.

ಸುಪ್ರೀಂ ಕೋರ್ಟಿಗೇ ಹೋಗಿ ತಡೆಯಾಜ್ಞೆ ತರಬಹುದಲ್ಲ ಎಂಬುದು ಇನ್ನೊಂದು ಸಂದೇಹ. ಇಲ್ಲಿ ಎರಡು ವಿಷಯ ಬೇರೆ ಬೇರೆ ಮಾಡಿಕೊಳ್ಳಬೇಕು. ಸಂವಿಧಾನದ 217ನೇ ವಿಧಿಯ ಪ್ರಕಾರ ಹತ್ತು ವರ್ಷ ಹೈಕೋರ್ಟ್ ವಕೀಲಿಕೆ ಅಥವಾ ಹತ್ತು ವರ್ಷ ನ್ಯಾಯಾಂಗ ಹುದ್ದೆ ಇರಬೇಕು, ಇದು ಅರ್ಹತೆ. ಆ ವ್ಯಕ್ತಿಯ ನಡತೆ, ಸ್ವಭಾವ ಆ ಕುರ್ಚಿಗೆ ಒಪ್ಪುತ್ತದೆಯೇ ಎಂಬುದು ಯೋಗ್ಯತೆ. ಅರ್ಹತೆಯನ್ನು ನ್ಯಾಯಾಲಯ ಪರಿಶೀಲಿಸುತ್ತದೆ, ಯೋಗ್ಯತೆಯನ್ನು ಕೊಲಿಜಿಯಂಗೆ ಬಿಡುತ್ತದೆ. 1992ರಲ್ಲಿ ಗುವಾಹಟಿ ಹೈಕೋರ್ಟಿಗೆ ರಾಷ್ಟ್ರಪತಿಯವರ ನೇಮಕದ ವಾರಂಟ್ ಹೊರಟ ಮೇಲೂ ಸುಪ್ರೀಂ ಕೋರ್ಟ್ ಒಬ್ಬರ ನೇಮಕ ರದ್ದು ಮಾಡಿತು. ಅದು ನಿಂತದ್ದು ಹತ್ತು ವರ್ಷದ ನ್ಯಾಯಾಂಗ ಹುದ್ದೆ ಇರಲಿಲ್ಲ ಎಂಬ ಅಂಶದ ಮೇಲೆ. 2023ರ ಫೆಬ್ರುವರಿ 7ರಂದು ಮದ್ರಾಸ್ ಹೈಕೋರ್ಟಿನ ಎಲ್. ವಿಕ್ಟೋರಿಯಾ ಗೌರಿ ಅವರ ನೇಮಕವನ್ನು, ಅವರ ಹಳೆಯ ಭಾಷಣಗಳನ್ನು ಮುಂದಿಟ್ಟು ವಕೀಲರು ಪ್ರಶ್ನಿಸಿದರು. ದೆಹಲಿಯಲ್ಲಿ ವಾದ ನಡೆಯುತ್ತಿದ್ದಾಗಲೇ ಚೆನ್ನೈನಲ್ಲಿ ಪ್ರಮಾಣವಚನ ಮುಗಿಯಿತು. ಅರ್ಜಿ ವಜಾ ಆಯಿತು.

ಪ್ರಮಾಣವಚನ ಆದ ಮೇಲೆ ಹುದ್ದೆಯಿಂದ ಇಳಿಸಲು ಉಳಿಯುವುದು ಬಹಳ ಕಷ್ಟದ ಒಂದೇ ದಾರಿ, ಸಂಸತ್ತಿನಲ್ಲಿ ಪದಚ್ಯುತಿ. ಗೊತ್ತುವಳಿಗೆ ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರ ಸಹಿ ಬೇಕು. ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಅವರ ಹೆಸರು 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ತಮಿಳುನಾಡಿನ ಕಾವೇರಿರಾಜಪುರಂನಲ್ಲಿ ಭೂ ಒತ್ತುವರಿಯ ಆರೋಪ ಎದ್ದಿತು. ಅವರು ಅಲ್ಲಗಳೆದರು. ಬೆಂಗಳೂರಿನಲ್ಲಿ ವಕೀಲರು ಕಲಾಪವನ್ನೇ ನಿಲ್ಲಿಸಿ ಪ್ರತಿಭಟಿಸಿದರು. ಬಡ್ತಿ ನಿಂತಿತು, ಸಿಕ್ಕಿಂಗೆ ವರ್ಗವಾಯಿತು, ರಾಜ್ಯಸಭೆಯ ಗೊತ್ತುವಳಿಯ ಮೇಲೆ ವಿಚಾರಣಾ ಸಮಿತಿಯೂ ಬಂತು. 2011ರ ಜುಲೈನಲ್ಲಿ ಅವರು ರಾಜೀನಾಮೆ ಕೊಟ್ಟರು, ವಿಚಾರಣೆ ಅರ್ಧಕ್ಕೇ ನಿಂತಿತು. ಆರೋಪ ನಿಜವೋ ಸುಳ್ಳೋ ಎಂದು ಯಾವ ಸಮಿತಿಯೂ ಹೇಳದೆ ಉಳಿಯಿತು. ಆದ್ದರಿಂದ ಹೇಳುವುದಿದ್ದರೆ ಹೆಸರು ಶಿಫಾರಸಿನ ಹಂತದಲ್ಲಿರುವಾಗಲೇ ಹೇಳಬೇಕು.

ಹೇಗೆ ಹೇಳುವುದು? ಮೊದಲನೆಯದಾಗಿ, ಮೂಗರ್ಜಿ ಬೇಡ. ಸಹಿಯಿಲ್ಲದ ಕಾಗದ ಬರೆದವರಿಗೂ ನೆಮ್ಮದಿ ಕೊಡುವುದಿಲ್ಲ, ಓದಿದವರಿಗೂ ಆಧಾರ ಕೊಡುವುದಿಲ್ಲ. ಕೆಳಹಂತದ ನ್ಯಾಯಾಧೀಶರ ಮೇಲಿನ ದೂರಿಗೆ ಪ್ರಮಾಣಿತ ಅಫಿಡವಿಟ್ ಮತ್ತು ಪರಿಶೀಲಿಸಬಹುದಾದ ದಾಖಲೆ ಇರಬೇಕೆಂದು 2014ರಲ್ಲೇ ಸುಪ್ರೀಂ ಕೋರ್ಟಿನ ಕಡೆಯಿಂದ ಹೈಕೋರ್ಟುಗಳಿಗೆ ಸೂಚನೆ ಹೋಗಿದೆ. ಸುಳ್ಳು ದೂರಿನಿಂದ ಒಬ್ಬರ ಜೀವಮಾನದ ದುಡಿಮೆಯೇ ಹಾಳಾಗಬಹುದಾದ್ದರಿಂದ ಇದು ನ್ಯಾಯವಾದ ಬೇಡಿಕೆ. ನೀವೇ ಕಂಡದ್ದು, ದಿನಾಂಕ, ಸ್ಥಳ, ಕಾಗದಪತ್ರ, ಇವಿಷ್ಟನ್ನು ಬರೆಯಿರಿ. 'ಎಲ್ಲರಿಗೂ ಗೊತ್ತಿದೆ' ಎಂಬ ಸಾಲು ಇದ್ದರೆ ಹೊಡೆದುಹಾಕಿ.

ನ್ಯಾಯಾಂಗ ನಿಂದನೆಯ ಭಯ ಹಲವರಿಗಿದೆ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 6ನೇ ಕಲಂ ಸ್ಪಷ್ಟವಾಗಿದೆ. ಅಧೀನ ನ್ಯಾಯಾಲಯದ ನ್ಯಾಯಾಧೀಶರ ಬಗ್ಗೆ ಸದ್ಭಾವನೆಯಿಂದ ಹೈಕೋರ್ಟಿಗೆ ಬರೆದುಕೊಟ್ಟರೆ ಅದು ನಿಂದನೆಯಲ್ಲ. ಹೆಸರು ಹೋಗಿರುವುದು ವಕೀಲರದ್ದಾದರೆ ಅವರು ಇನ್ನೂ ನ್ಯಾಯಾಧೀಶರಲ್ಲ, ಅಲ್ಲಿ ಯೋಚಿಸಬೇಕಾದದ್ದು ಮಾನನಷ್ಟ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, ಅಧಿಕಾರವುಳ್ಳವರ ಮುಂದೆ ಸದ್ಭಾವನೆಯಿಂದ ಮಾಡಿದ ದೂರಿಗೆ ವಿನಾಯಿತಿ ಕೊಡುತ್ತದೆ. ಅದೇ ಮಾತನ್ನು ವಾಟ್ಸ್‌ಆಪ್ ಗುಂಪಿನಲ್ಲಿ ಹರಿಬಿಟ್ಟರೆ ಆ ರಕ್ಷಣೆ ಸಿಗುವುದಿಲ್ಲ.

ದೂರನ್ನು ಬೆಂಗಳೂರಿನಲ್ಲಿ ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್ ಮೂಲಕ ಮುಖ್ಯ ನ್ಯಾಯಮೂರ್ತಿಗೆ, ಇನ್ನೊಂದು ಪ್ರತಿಯನ್ನು ದೆಹಲಿಯಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗೆ, ಮತ್ತೊಂದನ್ನು ಕೇಂದ್ರ ಕಾನೂನು ಸಚಿವಾಲಯದ ನ್ಯಾಯ ಇಲಾಖೆಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಅಫಿಡವಿಟ್ಟನ್ನು ಮಂಡ್ಯದಲ್ಲೇ ನೋಟರಿ ಮುಂದೆ ಮಾಡಿಸಬಹುದು. ಅಂಚೆ ರಸೀದಿ ಮತ್ತು ತಲುಪಿದ್ದಕ್ಕೆ ದಾಖಲೆ ಎರಡನ್ನೂ ಜೋಪಾನ ಮಾಡಿ. ವಿಚಾರಣೆಗೆ ಕರೆದರೆ ವಕೀಲರನ್ನು ಕೇಳಿಕೊಂಡು ಹೋಗಿ, ಅಫಿಡವಿಟ್‌ನಲ್ಲಿ ಬರೆದದ್ದಕ್ಕಿಂತ ಒಂದು ಮಾತೂ ಹೆಚ್ಚು ಸೇರಿಸಬೇಡಿ.