ಮಾನವ ರಕ್ತ ಸೂಚ್ಯಂಕ: ಸೊಳ್ಳೆಯನ್ನು ಹಿಡಿದದ್ದೆಲ್ಲಿ?

ಪಣಜಿಯಲ್ಲಿ ನನ್ನೊಂದಿಗೆ ಕೀಟಶಾಸ್ತ್ರ ಓದುತ್ತಿರುವ ಕನ್ನಡದ ಗೆಳೆಯರಿಗಾಗಿ ಈ ಟಿಪ್ಪಣಿ. ನಾನು ಎರಡು ಸಂಜೆ ತಡವರಿಸಿದ ಒಂದು ಲೆಕ್ಕವೇ ಇದರ ಬಹುಭಾಗವನ್ನು ಆಕ್ರಮಿಸಿದೆ.

ಮಲೇರಿಯ ಹರಡುವ ಅನಾಫಿಲಿಸ್ ಸೊಳ್ಳೆ ಯಾರನ್ನು ಕಚ್ಚುತ್ತದೆ, ಎಲ್ಲಿ ಕಚ್ಚುತ್ತದೆ, ಕಚ್ಚಿದ ಮೇಲೆ ಎಲ್ಲಿ ಕುಳಿತು ರಕ್ತವನ್ನು ಅರಗಿಸಿಕೊಳ್ಳುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಬೇಕು. ಈ ಗುಂಪಿನ ಒಂದು ಜಾತಿಯಾದ ಆಫ್ರಿಕದ ಗ್ಯಾಂಬಿಯೆ ಸಾಮಾನ್ಯವಾಗಿ ಮನುಷ್ಯನನ್ನು ಮನೆಯೊಳಗೆ ಕಚ್ಚಿ ಅಲ್ಲಿಯೇ ಕುಳಿತುಕೊಳ್ಳುವುದರಿಂದ, ಅದನ್ನು ಮೊದಲು ಓದಿದವರಿಗೆ ಮೂರೂ ಒಂದೇ ಎನಿಸಿಬಿಡುತ್ತದೆ. ನಮ್ಮ ಹಳ್ಳಿಗಳ ಕ್ಯೂಲಿಸಿಫೇಸಿಸ್ ಮುಖ್ಯವಾಗಿ ದನದ ರಕ್ತವನ್ನೇ ಕುಡಿಯುವ ಸೊಳ್ಳೆ. ಆದರೂ ಅದು ಕೊಟ್ಟಿಗೆಯಲ್ಲಿ ಸಿಗುವಂತೆ ಮನೆಯ ಗೋಡೆಯ ಮೇಲೂ ಸಿಗುತ್ತದೆ. ಗೋಡೆಯ ಮೇಲೆ ಕುಳಿತ ಮಾತ್ರಕ್ಕೆ ಅದು ಮನೆಯವರನ್ನೇ ಕಚ್ಚಿದೆ ಎಂದಾಗುವುದಿಲ್ಲ.

ರಕ್ತ ಕುಡಿದ ಸೊಳ್ಳೆಗಳಲ್ಲಿ ಮನುಷ್ಯರಕ್ತವಿರುವವುಗಳ ಪಾಲೇ ಮಾನವ ರಕ್ತ ಸೂಚ್ಯಂಕ. ಹೊಟ್ಟೆಯಲ್ಲಿರುವುದು ಯಾರ ರಕ್ತ ಎಂಬುದನ್ನು ಎಲೈಸಾ ಅಥವಾ ಪಿಸಿಆರ್ ಎಂಬ ಪ್ರಯೋಗಾಲಯದ ಪರೀಕ್ಷೆ ತಿಳಿಸುತ್ತದೆ. ವ್ಯಾಖ್ಯೆ ಸುಲಭ, ನಾನು ಎಡವಿದ್ದು ಮಾದರಿಯಲ್ಲಿ. ಒಂದು ಕಲ್ಪಿತ ಹಳ್ಳಿಯನ್ನು ತೆಗೆದುಕೊಳ್ಳೋಣ. ಮನೆಗಳಲ್ಲಿ ಹಿಡಿದ 100 ಸೊಳ್ಳೆಗಳಲ್ಲಿ 60ರಲ್ಲಿ, ಕೊಟ್ಟಿಗೆಗಳಲ್ಲಿ ಹಿಡಿದ 100ರಲ್ಲಿ 5ರಲ್ಲಿ ಮನುಷ್ಯರಕ್ತವಿದೆ. ಮನೆಯೊಂದನ್ನೇ ನೋಡಿದವರು 0.60 ಎನ್ನುತ್ತಾರೆ, ಎರಡರ ಸರಾಸರಿ ತೆಗೆದರೆ 0.325. ನಾನು ಇಲ್ಲಿಯೇ ನಿಂತಿದ್ದೆ. ಆದರೆ ಕೊಟ್ಟಿಗೆಗಳಲ್ಲಿ ಮನೆಗಳಿಗಿಂತ 10 ಪಟ್ಟು ಸೊಳ್ಳೆಗಳಿದ್ದರೆ, ನಾವು ಎರಡೂ ಕಡೆ ಸಮನಾಗಿ 100 ಹಿಡಿದದ್ದು ನಮ್ಮ ಅನುಕೂಲವೇ ಹೊರತು ಹಳ್ಳಿಯ ಸ್ಥಿತಿಯಲ್ಲ. ಮನೆಗಳಲ್ಲಿರುವ ಪ್ರತಿ 100ಕ್ಕೆ ಕೊಟ್ಟಿಗೆಗಳಲ್ಲಿ 1,000 ಇರುತ್ತವೆ. ಮನುಷ್ಯರಕ್ತದವು 60 ಮತ್ತು 50, ಒಟ್ಟು 1,100ರಲ್ಲಿ 110, ಅಂದರೆ 0.10. ಪೊದೆಗಳಲ್ಲಿ ಅಡಗಿ ಕುಳಿತು ನಮ್ಮ ಕೈಗೇ ಸಿಗದವುಗಳು ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ.

ಈ ತಪ್ಪು ಅಷ್ಟಕ್ಕೇ ನಿಲ್ಲುವುದಿಲ್ಲ. ಸೊಳ್ಳೆ ಮಲೇರಿಯ ಹರಡಬೇಕಾದರೆ ಸೋಂಕಿತ ವ್ಯಕ್ತಿಯನ್ನೊಮ್ಮೆ, ಮತ್ತೊಬ್ಬರನ್ನೊಮ್ಮೆ, ಹೀಗೆ ಎರಡು ಬಾರಿ ಮನುಷ್ಯನನ್ನೇ ಕಚ್ಚಬೇಕು. ಆದ್ದರಿಂದಲೇ ಹರಡುವ ಸಾಮರ್ಥ್ಯದ ಸೂತ್ರದಲ್ಲಿ ಮನುಷ್ಯನನ್ನು ಕಚ್ಚುವ ದರಕ್ಕೆ ವರ್ಗವಿದೆ. ಎರಡು ದಿನಕ್ಕೊಮ್ಮೆ ಕಚ್ಚುತ್ತದೆ ಎಂದಿಟ್ಟುಕೊಂಡರೆ, ಸೂಚ್ಯಂಕ 0.60 ಅಥವಾ 0.10ರ ಅರ್ಧವೇ ದಿನದ ದರ, ಅಂದರೆ 0.30 ಅಥವಾ 0.05; ಅವುಗಳ ವರ್ಗ 0.09 ಅಥವಾ 0.0025. ಸೂಚ್ಯಂಕದಲ್ಲಿ 6 ಪಟ್ಟಿದ್ದ ತಪ್ಪು ಇಲ್ಲಿ 36 ಪಟ್ಟಾಗುತ್ತದೆ.

ಸೂಚ್ಯಂಕವನ್ನು ಮನುಷ್ಯರಕ್ತದತ್ತ ಸೊಳ್ಳೆಯ ಒಲವು ಎಂದು ಓದುವುದೂ ಸರಿಯಲ್ಲ. ಗೋವೆಯ ನಗರಗಳಲ್ಲಿ ಮಲೇರಿಯ ಹರಡುವ ಸ್ಟೀಫೆನ್ಸಿ ಎಂಬ ಅನಾಫಿಲಿಸ್ ಸೊಳ್ಳೆ ಕಟ್ಟಡ ಕಾಮಗಾರಿಯಲ್ಲಿ ನಿಲ್ಲಿಸಿದ ನೀರಿನಲ್ಲಿಯೂ ಮೊಟ್ಟೆಯಿಡುತ್ತದೆ. ಅಲ್ಲಿಯೇ ಮಲಗುವ ಕಾರ್ಮಿಕರಲ್ಲಿ ಉತ್ತರ ಕರ್ನಾಟಕದ ನಮ್ಮವರೂ ಇದ್ದಾರೆ. ಸುತ್ತ ದನವೇ ಇಲ್ಲದ ಕಡೆ ಸೂಚ್ಯಂಕ ಏರಿದರೆ ಅದು ಸೊಳ್ಳೆಯ ಆಯ್ಕೆಯೋ ಅನಿವಾರ್ಯವೋ ಎಂಬುದನ್ನು ಆ ಸಂಖ್ಯೆ ಹೇಳಲಾರದು. ಅದಕ್ಕೆ ಜನ ಮತ್ತು ಜಾನುವಾರುಗಳ ಎಣಿಕೆಯೂ ಬೇಕು. ಇನ್ನು ಗೋಡೆ ಏಳದ ಮಹಡಿಯಲ್ಲಿ ಮಲಗಿದವರಿಗೆ ಬಿದ್ದ ಕಡಿತವನ್ನು ಒಳಗಿನದೆಂದು ಬರೆಯಬೇಕೋ ಹೊರಗಿನದೆಂದೋ? ನಾನು ನನ್ನ ಕೋಷ್ಟಕದಲ್ಲಿ ಅದಕ್ಕೊಂದು ಮೂರನೆಯ ಕಂಬಸಾಲು ಹಾಕಿಕೊಂಡಿದ್ದೇನೆ.